ಉಪ್ಪಿನಾಗರದ ಬಾಣಂತಿಯರು

“ಗುರುಗಳೇ, ಎರಡು ವರ್ಷಗಳಿಂದ ನಾನು ಕಿರಿಯರಿಗೆ ಹೇಳಿಕೊಡುತ್ತ ಬಂದದ್ದರಲ್ಲಿ ಒಂದು ತಪ್ಪಿದೆಯೆಂದು ಈಗ ತಿಳಿಯಿತು. ಅದನ್ನು ಎಲ್ಲರೆದುರು ಒಪ್ಪಿಕೊಳ್ಳಲೇಬೇಕೇ? ಇನ್ನು ಮುಂದೆ ಸರಿಯಾದದ್ದನ್ನು ಹೇಳಿಕೊಟ್ಟರೆ ಸಾಲದೇ?”

ಪಾಠ ಮುಗಿದು ಉಳಿದವರೆಲ್ಲ ಎದ್ದುಹೋಗಿದ್ದರು. ಕೇಳಿದವನು ಮಠದ ಹಿರಿಯ ಶಿಷ್ಯ. ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕುಳಿತುಕೋ ಎಂದು ಕೈ ತೋರಿಸಿ ಈ ಕತೆ ಹೇಳಿದರು.

ಕಡಲ ದಂಡೆಯಲ್ಲಿ ಒಂದು ಪೇಟೆ. ಅಲ್ಲಿ ಮಾಧವ ಪಂಡಿತನೆಂಬ ವೈದ್ಯನಿದ್ದ. ಅವನ ತಂದೆ, ಅಜ್ಜ ಇಬ್ಬರೂ ವೈದ್ಯರೇ. ಬಸುರಿ, ಬಾಣಂತಿಯರ ಆರೈಕೆಗೆ ಆ ಮನೆತನ ಹೆಸರುವಾಸಿ. ಪೇಟೆಯ ಯಾವ ಮನೆಯಲ್ಲಿ ಹೆರಿಗೆಯಾದರೂ ಅಜ್ಜ ಹಾಕಿಕೊಟ್ಟ ಕಟ್ಟಳೆಯಂತೆಯೇ ಬಾಣಂತನ ನಡೆಯುತ್ತಿತ್ತು. ಮೊದಲ ಮೂರು ದಿನದ ಎದೆಹಾಲು ಕೆಟ್ಟದ್ದು, ಹಿಂಡಿ ಚೆಲ್ಲಬೇಕು. ಆ ಮೂರು ದಿನ ಕೂಸಿನ ಬಾಯಿಗೆ ಜೇನುತುಪ್ಪ ಮತ್ತು ಬೆಲ್ಲದ ನೀರು. ಬಾಣಂತಿ ನೀರು ಕುಡಿದರೆ ಮೈಗೆ ಶೀತ, ಹನ್ನೊಂದು ದಿನ ಎರಡು ಗುಟುಕಿಗಿಂತ ಹೆಚ್ಚು ಕೊಡಬಾರದು. ಪಂಡಿತ ಮೂವತ್ತು ವರ್ಷ ಇದನ್ನೇ ಹೇಳಿದ್ದ.

ಪೇಟೆಯಲ್ಲಿ ಕೂಸುಗಳು ಹುಟ್ಟುತ್ತಿದ್ದವು. ತಿಂಗಳು ತುಂಬುವ ಮೊದಲೇ ಎಷ್ಟೋ ಕೂಸುಗಳು ಹೋಗಿಬಿಡುತ್ತಿದ್ದವು. ಜನ ಹಣೆಬರಹ ಎನ್ನುತ್ತಿದ್ದರು. ಪಂಡಿತನೂ ಹಾಗೆಯೇ ಅನ್ನುತ್ತಿದ್ದ. ಅವನ ಹೆಂಡತಿ ಭಾಗೀರಥಿಯೂ ಎರಡು ಕೂಸುಗಳನ್ನು ಕಳೆದುಕೊಂಡಿದ್ದಳು. ಉಳಿದವಳು ತುಂಗೆಯೊಬ್ಬಳೇ.

ತುಂಗೆ ದೊಡ್ಡವಳಾಗಿ ಮದುವೆಯಾಯಿತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಕೂಸು ಒಂಬತ್ತನೆಯ ದಿನ ಹೋಯಿತು. ಎರಡನೆಯದು ಹನ್ನೆರಡು ದಿನ ಬದುಕಿತು. ಮೂರನೆಯ ಸಲ ಬಂದಾಗ ಅವಳು ಐದು ತಿಂಗಳ ಬಸುರಿ. ಚಾವಡಿಯಲ್ಲಿ ಮದ್ದು ಅರೆಯುತ್ತಿದ್ದ ತಂದೆಯ ಎದುರು ಕುಳಿತು ಅವಳು ಕೇಳಿದಳು.

“ಅಪ್ಪಯ್ಯ, ಎರಡು ಸಲವೂ ನೀವು ಹೇಳಿದ್ದರಲ್ಲಿ ಒಂದನ್ನೂ ಬಿಡದೆ ನಡೆಸಿದೆವು. ಈ ಸಲವೂ ಅದನ್ನೇ ಮಾಡಬೇಕೇ?”

ಪಂಡಿತ ಮಗಳ ಮುಖ ನೋಡಿದ. ಹಣೆಬರಹ ಎಂಬ ಮಾತು ಬಾಯಿಯವರೆಗೆ ಬಂತು. ಆಡಲಾಗಲಿಲ್ಲ. ನೋಡೋಣ ಮಗಾ, ಎಂದಷ್ಟೇ ಅಂದ.

ಆ ವಾರವೇ ಅವನು ಉಪ್ಪಿನಾಗರಕ್ಕೆ ಹೋಗಬೇಕಾಯಿತು. ಪೇಟೆಯಿಂದ ಹರದಾರಿ ದೂರದಲ್ಲಿ ಕಡಲ ನೀರನ್ನು ಕಟ್ಟಿ ಉಪ್ಪು ತೆಗೆಯುವವರ ಕೇರಿ ಅದು. ಒಬ್ಬನ ಕಾಲು ಕೊಯ್ದು ಕೀವಾಗಿತ್ತು. ಗಾಯಕ್ಕೆ ಲೇಪ ಕಟ್ಟಿ ಪಂಡಿತ ಹೊರಗೆ ಬಂದ. ಅಂಗಳದಲ್ಲಿ ಮಕ್ಕಳಿದ್ದರು. ಮುಂದಿನ ಮನೆಯ ಅಂಗಳದಲ್ಲೂ ಮಕ್ಕಳು. ತೆವಳುವವು, ನಿಲ್ಲಲು ಕಲಿಯುವವು, ಬೆನ್ನಿಗೆ ಕಟ್ಟಿಸಿಕೊಂಡು ನಿದ್ದೆ ಹೋದವು. ತೆಳು ಗಂಜಿಯ ಮೇಲೆ ಬದುಕುವ ಕೇರಿ. ಒಂದು ಮನೆಗೂ ಗಟ್ಟಿ ಸೂರು ಇರಲಿಲ್ಲ. ಈ ಮಕ್ಕಳೆಲ್ಲ ಇಲ್ಲಿ ಹೇಗೆ ಉಳಿದರು ಎಂದು ಅವನಿಗೆ ಮೊದಲ ಬಾರಿ ಅನ್ನಿಸಿತು. ಇಪ್ಪತ್ತು ವರ್ಷಗಳಿಂದ ಆ ಕೇರಿಗೆ ಹೋಗಿಬರುತ್ತಿದ್ದವನು ಅವನು.

ಮನೆಗೆ ಬಂದವನು ಹೆಂಡತಿಗೆ ಹೇಳಿದ: “ಪೇಟೆಯಲ್ಲೂ ಉಪ್ಪಿನಾಗರದಲ್ಲೂ ಎಲ್ಲ ಮನೆಗೂ ಹೋಗಿ ಕೇಳಬೇಕು. ಹೆತ್ತದ್ದೆಷ್ಟು, ತಿಂಗಳು ದಾಟಿದ್ದೆಷ್ಟು, ಮೊದಲ ಮೂರು ದಿನ ತಾಯಿಗೂ ಕೂಸಿಗೂ ಏನು ಕೊಟ್ಟರು. ನಾನು ಕೇಳಿದರೆ ಹೆಂಗಸರು ಬಾಯಿ ಬಿಡುವುದಿಲ್ಲ. ನೀನು ಬರಬೇಕು.”

ಭಾಗೀರಥಿ ಸೆರಗು ಸಿಕ್ಕಿಸಿಕೊಂಡು ಹೊರಟಳು.

ಎರಡು ತಿಂಗಳು ಅವರು ನಡೆದರು. ಅವಳು ಒಳಗೆ ಹೋಗಿ ಕುಳಿತು ಕೇಳುವಳು. ಅವನು ಹೊರಗೆ ಕಟ್ಟೆಯ ಮೇಲೆ ಕಾಯುವನು. ಬಂದು ಹೇಳಿದ್ದನ್ನು ಬರೆದುಕೊಳ್ಳುವನು. ಕೆಲವು ಮನೆಗಳಿಂದ ಅವಳು ಕೂಡಲೇ ಹೊರಬರುತ್ತಿದ್ದಳು. ಕೆಲವು ಮನೆಗಳಲ್ಲಿ ಮಧ್ಯಾಹ್ನವೆಲ್ಲ ಕಳೆಯುತ್ತಿತ್ತು. ಸತ್ತ ಕೂಸಿನ ವಿಷಯವನ್ನು ಅದುವರೆಗೆ ಯಾರೂ ಆ ತಾಯಂದಿರ ಬಳಿ ಕೇಳಿರಲಿಲ್ಲ. ಕೇಳಿದಾಗ ಅವರಿಗೆ ನಿಲ್ಲಿಸಲು ಆಗುತ್ತಿರಲಿಲ್ಲ.

ಬರೆದದ್ದನ್ನು ಕೂಡಿಸಿ ನೋಡಿದ. ಪೇಟೆಯಲ್ಲಿ ಹತ್ತು ಕೂಸು ಹುಟ್ಟಿದರೆ ಅವುಗಳಲ್ಲಿ ನಾಲ್ಕು ಒಂದು ತಿಂಗಳನ್ನೂ ದಾಟಿರಲಿಲ್ಲ. ಉಪ್ಪಿನಾಗರದಲ್ಲಿ ಹತ್ತಕ್ಕೆ ಒಂದು. ಅಲ್ಲಿಯ ಹೆಂಗಸರು ಹಾಲು ಚೆಲ್ಲುತ್ತಿರಲಿಲ್ಲ. ಹುಟ್ಟಿದ ಕೂಸನ್ನು ಒರೆಸಿ ನೇರ ಎದೆಗೆ ಹಾಕಿಕೊಳ್ಳುತ್ತಿದ್ದರು. ಬಾಯಾರಿದಷ್ಟು ನೀರು ಕುಡಿಯುತ್ತಿದ್ದರು.

ಪಂಡಿತನ ಮನಸ್ಸು ಅದನ್ನು ಒಪ್ಪಲಿಲ್ಲ. ಅದು ಕಡಲ ಗಾಳಿಯ ಗುಣ ಎಂದುಕೊಂಡ. ಬಿಸಿಲಲ್ಲಿ ದುಡಿಯುವ ಮೈಯ ಗಟ್ಟಿತನ ಎಂದುಕೊಂಡ. ಅಜ್ಜನ ಮಾತು ಉಳಿಯುವ ದಾರಿಯನ್ನು ಅವನು ಹುಡುಕುತ್ತಿದ್ದ.

ಉಪ್ಪಿನಾಗರದಲ್ಲಿ ಸೋಮಿ ಎಂಬ ಮುದುಕಿಯಿದ್ದಳು. ಕೇರಿಯ ಹೆರಿಗೆಗಳನ್ನೆಲ್ಲ ಮಾಡಿಸುವವಳು ಅವಳೇ. ಪಂಡಿತ ಅವಳ ಅಂಗಳಕ್ಕೆ ಹೋಗಿ ನಿಂತ.

“ಸೋಮಿ, ನಿಮ್ಮ ಕೇರಿಯ ಕೂಸುಗಳು ಉಳಿಯುವುದು ಈ ಗಾಳಿಯಿಂದಲೋ?”

ಸೋಮಿ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟಳು. “ಒಡೆಯರೇ, ನನಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಇಲ್ಲೇ ಇದ್ದಾಳೆ. ಐದು ಹೆತ್ತಳು, ಐದೂ ಇವೆ. ಕಿರಿಯವಳು ನಾಗುವನ್ನು ಪೇಟೆಗೆ ಕೊಟ್ಟೆ, ಗಾಣದವರ ಮನೆಗೆ. ಅದೇ ಹೊಟ್ಟೆಯಲ್ಲಿ ಹುಟ್ಟಿದವಳು, ಇದೇ ಗಾಳಿಯಲ್ಲಿ ಬೆಳೆದವಳು. ಮೂರು ಹೆತ್ತಳು. ಒಂದೂ ಇಲ್ಲ. ಅಲ್ಲಿ ಹಾಲು ಚೆಲ್ಲಿಸುತ್ತಾರೆ. ನೀರು ಕೊಡುವುದಿಲ್ಲ.”

“ಗೊತ್ತಿದ್ದೂ ನೀನು ಅವರಿಗೆ ಹೇಳಲಿಲ್ಲವೇ?”

“ಹೇಳದೆ ಇರುತ್ತೇನೆಯೇ? ಬೀಗಿತ್ತಿಯ ಕಾಲು ಹಿಡಿದು ಹೇಳಿದೆ. ಇದು ಪಂಡಿತರ ಮನೆಯ ಮಾತು, ಉಪ್ಪು ಹೊರುವವಳಿಗೆ ಏನು ತಿಳಿಯುತ್ತದೆ ಅಂದರು.”

ಪಂಡಿತ ಅಲ್ಲೇ ಕುಳಿತುಬಿಟ್ಟ. ಸೋಮಿ ಒಳಗೆ ಹೋಗಿ ಒಂದು ಚೊಂಬು ನೀರು ತಂದು ಅವನೆದುರು ಇಟ್ಟಳು. ಅವನು ಕುಡಿದ. ಆ ಕೇರಿಯಲ್ಲಿ ಅವನು ನೀರು ಮುಟ್ಟಿದ್ದು ಅಂದೇ ಮೊದಲು.

ಮನೆಗೆ ಬಂದು ಊಟಕ್ಕೆ ಕುಳಿತವನು ಎಲೆಗೆ ಕೈ ಹಾಕಲಿಲ್ಲ. ಭಾಗೀರಥಿ ಬಡಿಸುವುದನ್ನು ನಿಲ್ಲಿಸಿದಳು.

“ನಿನಗೆ ಯಾವಾಗ ತಿಳಿಯಿತು?” ಎಂದು ಅವನು ಕೇಳಿದ.

“ಹತ್ತನೆಯ ಮನೆಯಲ್ಲಿ,” ಎಂದಳು ಅವಳು. “ನನ್ನ ಎರಡು ಕೂಸುಗಳೂ ಬಾಯಾರಿ ಅತ್ತದ್ದು ನೆನಪಾಯಿತು. ಆದರೆ ನಾನು ಹೇಳಿದರೆ ನೀವು ವಾದ ಮಾಡುತ್ತಿದ್ದಿರಿ. ನಿಮಗೇ ಕಾಣಲಿ ಎಂದು ಕಾದೆ.”

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ತುಂಗೆಗೆ ದಿನ ತುಂಬಿತು. ಒಂದು ಬೆಳಗ್ಗೆ ನೋವು ಕಾಣಿಸಿಕೊಂಡಿತು. ಪಂಡಿತ ತಾನೇ ಹೋಗಿ ಸೋಮಿಯನ್ನು ಕರೆತಂದ. ಪಂಡಿತರ ಬಾಣಂತಿ ಕೋಣೆಗೆ ಉಪ್ಪಿನಾಗರದವಳು ಹೋದಳೆಂದು ಬೀದಿಯ ಜನ ಬಾಗಿಲಿಗೆ ಬಂದು ನಿಂತರು. ಹೊತ್ತು ನೆತ್ತಿಗೇರುವ ಮುಂಚೆ ಕೂಸು ಅತ್ತಿತು. ಸೋಮಿ ಅದನ್ನು ಒರೆಸಿ ತುಂಗೆಯ ಎದೆಗೆ ಹಾಕಿದಳು. ಅಳು ನಿಂತಿತು. ಹೊರಗೆ ನಿಂತಿದ್ದ ಪಂಡಿತ ಬಾಗಿಲ ಬಳಿಗೆ ಧಾವಿಸಿದ. ಹಿಂದಿನ ಎರಡು ಸಲವೂ ಅಳು ನಿಂತದ್ದು ಬೇರೆ ಕಾರಣಕ್ಕೆ. ಅಷ್ಟರಲ್ಲಿ ಭಾಗೀರಥಿ ಬಾಗಿಲಿಗೆ ಬಂದು, ಕುಡಿಯುತ್ತಿದೆ, ಎಂದಳು.

ಒಂಬತ್ತನೆಯ ದಿನ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಹನ್ನೆರಡನೆಯ ದಿನ ತುಂಗೆ ಕೂಸನ್ನು ಮಡಿಲಿನಿಂದ ಇಳಿಸಲೇ ಇಲ್ಲ. ಹದಿಮೂರನೆಯ ದಿನ ಬೆಳಗಾಯಿತು. ಕೂಸು ಕಣ್ಣು ಬಿಟ್ಟು ಸೂರು ನೋಡುತ್ತಿತ್ತು. ತಿಂಗಳು ತುಂಬಿದ ದಿನ ತೊಟ್ಟಿಲು ಕಟ್ಟಿದರು. ಹೆಣ್ಣು ಕೂಸು. ಗುಂಡಗಿತ್ತು.

ಅಂದು ಬಂದಿದ್ದ ಪಂಡಿತನ ತಮ್ಮ ಅಣ್ಣನನ್ನು ಬದಿಗೆ ಕರೆದ. “ಅಣ್ಣ, ಆದದ್ದಾಯಿತು. ಹಳೆಯ ತಾಳೆಯೋಲೆಯೊಂದು ಸಿಕ್ಕಿತು, ಅದರಲ್ಲಿ ಹೀಗಿದೆ ಎಂದುಬಿಡು. ಜನ ಕೈಮುಗಿದು ನಡೆಸುತ್ತಾರೆ. ಅಜ್ಜನ ಹೆಸರೂ ಉಳಿಯುತ್ತದೆ.”

ಸುಲಭದ ದಾರಿ. ಪಂಡಿತನಿಗೂ ಆಸೆಯಾಯಿತು. ಅವನು ಸುಳ್ಳು ಹೇಳಬಲ್ಲವನಲ್ಲ ಎಂದೇನೂ ಅಲ್ಲ. ಆದರೆ ಬರೆದಿಟ್ಟ ಹಾಳೆಗಳು ಎದುರಿಗಿದ್ದವು. ಪ್ರತಿ ಸಾಲಿನಲ್ಲೂ ಒಬ್ಬ ತಾಯಿ. ನನ್ನ ಹಾಲು ವಿಷವಾಗಿತ್ತು ಎಂದು ನಂಬಿದವಳು ಒಬ್ಬಳು. ಹಿಂದಿನ ಜನ್ಮದ ಪಾಪ ಎಂದು ಉಪವಾಸ ಹಿಡಿದವಳು ಇನ್ನೊಬ್ಬಳು. ಮಕ್ಕಳನ್ನು ನುಂಗುವವಳು ಎಂದು ಅತ್ತೆಯ ಬಾಯಲ್ಲಿ ಕೇಳಿಸಿಕೊಂಡವಳು ಮತ್ತೊಬ್ಬಳು. ಹೊಸ ಓಲೆ ಸಿಕ್ಕಿದರೆ ಮುಂದೆ ಹುಟ್ಟುವ ಕೂಸುಗಳು ಉಳಿದಾವು. ಈ ತಾಯಂದಿರು ಮಾತ್ರ ಸಾಯುವವರೆಗೆ ತಪ್ಪು ತಮ್ಮದೇ ಎಂದುಕೊಂಡಿರುತ್ತಾರೆ.

ಮರುದಿನ ಅವನು ಗಾಣದವರ ಮನೆಗೆ ಹೋದ. ಬಾಗಿಲು ತೆರೆದವಳು ಸೋಮಿಯ ಮಗಳು ನಾಗು. ಮತ್ತೆ ಬಸುರಿಯಾಗಿದ್ದಳು. ಪಂಡಿತ ಹೊಸಿಲಿನಾಚೆಯೇ ನಿಂತು ಹೇಳಿದ:

“ತಾಯೀ, ನಿನ್ನ ಮೂರು ಕೂಸುಗಳು ಹೋದದ್ದು ನಿನ್ನ ಹಣೆಬರಹದಿಂದಲ್ಲ. ನಿನ್ನ ಹಾಲಿನಲ್ಲಿ ದೋಷವಿರಲಿಲ್ಲ. ಚೆಲ್ಲು ಎಂದು ಹೇಳಿಸಿದವನು ನಾನು. ನಾನು ಹೇಳಿದ್ದು ತಪ್ಪು.”

ನಾಗು ಬಾಗಿಲ ಕಂಬ ಹಿಡಿದುಕೊಂಡಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ನನಗೆ ಹಾಲಿತ್ತು,” ಎಂದಳು. “ಕೂಸು ಅತ್ತಾಗಲೆಲ್ಲ ತಾನಾಗಿ ಇಳಿಯುತ್ತಿತ್ತು. ಕೊಡಬೇಕೆಂದು ನನ್ನ ಮೈಗೆ ಗೊತ್ತಿತ್ತು, ಅಯ್ಯಾ. ಕೊಡಲು ಬಿಡಲಿಲ್ಲ.”

ಪಂಡಿತ ತಲೆ ತಗ್ಗಿಸಿ ನಿಂತ. ಬಾಗಿಲು ಮುಚ್ಚುತ್ತದೆ ಎಂದುಕೊಂಡ. ಶಾಪಕ್ಕೂ ಸಿದ್ಧನಾಗಿದ್ದ.

ನಾಗು ಸೆರಗಿನಿಂದ ಮುಖ ಒರೆಸಿಕೊಂಡಳು. “ಒಳಗೆ ಬಂದು ಕುಳಿತುಕೊಳ್ಳಿ. ನಮ್ಮ ಅತ್ತೆಯನ್ನು ಕರೆಯುತ್ತೇನೆ. ನನಗೆ ಹೇಳಿದ್ದನ್ನು ಒಂದಕ್ಷರ ಬಿಡದೆ ಅವರಿಗೂ ಹೇಳಿ.”

ಅವನು ಹೇಳಿದ. ಅಲ್ಲಿಂದ ಮುಂದಿನ ಮನೆಗೆ ಹೋದ. ಬರೆದಿಟ್ಟ ಹಾಳೆಗಳಲ್ಲಿದ್ದ ಎಲ್ಲ ಮನೆಗಳಿಗೂ ಹೋದ. ಒಬ್ಬ ವರ್ತಕ ಕುತ್ತಿಗೆ ಹಿಡಿದು ಮೆಟ್ಟಿಲಿಳಿಸಿದ. ಒಬ್ಬ ಅಜ್ಜಿ ಎರಡು ಹಿಡಿ ಮಣ್ಣು ತೂರಿದಳು. ಕೆಲವರು ಕೇಳಿಸಿಕೊಂಡು ಸುಮ್ಮನೆ ಒಳಗೆ ಹೋದರು. ಅವನು ಯಾರಿಗೂ ಎದುರಾಡಲಿಲ್ಲ, ಯಾವ ಮನೆಯನ್ನೂ ಬಿಡಲಿಲ್ಲ. ಭಾಗೀರಥಿ ಜೊತೆಯಲ್ಲಿದ್ದಳು. ಗಂಡಸರು ಬೈಯುತ್ತಿರುವಾಗ ಅವಳು ಹಿತ್ತಿಲ ಬಾಗಿಲಿನಿಂದ ಹೋಗಿ ಸೊಸೆಯಂದಿರ ಜೊತೆ ಮಾತಾಡಿ ಬರುತ್ತಿದ್ದಳು.

ಕಾರ್ತೀಕದಲ್ಲಿ ನಾಗು ಹೆತ್ತಳು. ಗಂಡು ಕೂಸು. ಅವಳ ಅತ್ತೆಯೇ ಕುಡಿಯುವ ನೀರಿನ ತಂಬಿಗೆಯನ್ನು ಕೋಣೆಯೊಳಗೆ ತಂದಿಟ್ಟಳು. ತಿಂಗಳು ದಾಟಿತು. ಗಾಣದವರ ಮನೆಯಲ್ಲಿ ಎಷ್ಟೋ ವರ್ಷಗಳ ಮೇಲೆ ಜೋಗುಳ ಕೇಳಿದ ನೆರೆಯವರು ಗೋಡೆಗೆ ಕಿವಿಯಿಟ್ಟು ನಿಂತರು.

ಆಮೇಲೆ ಪೇಟೆಯ ಹೆಂಗಸರು ಪಂಡಿತನ ಚಾವಡಿಗೆ ಬರುವುದನ್ನು ಬಿಟ್ಟರು. ಅವನೇ ಉಪ್ಪಿನಾಗರದವರನ್ನು ಕೇಳಿ ತಿಳಿದುಕೊಂಡನಂತೆ, ನಾವೂ ಅಲ್ಲಿಗೇ ಹೋಗಿ ಕೇಳೋಣ ಎಂದರು. ಬಸುರಿಯರು ಗಾಡಿ ಕಟ್ಟಿಸಿಕೊಂಡು ಸೋಮಿಯ ಅಂಗಳಕ್ಕೆ ಹೋಗತೊಡಗಿದರು. ಅಷ್ಟು ಜನ ಕೂರಲು ಅಲ್ಲಿ ಚಾಪೆ ಸಾಲದೆ ಹೋಯಿತು. ಜ್ವರ, ಕೆಮ್ಮು ಎಂದವರೂ ಪಕ್ಕದ ಊರಿನ ವೈದ್ಯನನ್ನು ಹುಡುಕಿಕೊಂಡು ಹೋದರು. ಪಂಡಿತನ ಚಾವಡಿಯಲ್ಲಿ ಅರೆಯುವ ಕಲ್ಲಿನ ಸದ್ದು ಕಡಿಮೆಯಾಯಿತು. ಅವನು ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂಜೆ ಕಡಲ ದಂಡೆಗೆ ಹೋಗುತ್ತಿದ್ದ. ದಾರಿಯಲ್ಲಿ ಕೆಲವರು ಮುಖ ತಿರುಗಿಸುತ್ತಿದ್ದರು.

ಮೂರು ವರ್ಷ ಕಳೆದು ಭಾಗೀರಥಿ ಮತ್ತೆ ಪೇಟೆಯ ಮನೆಮನೆಗೆ ಹೋಗಿ ಕೇಳಿ ಬಂದಳು. ಪಂಡಿತ ಬರೆದುಕೊಂಡು ಕೂಡಿಸಿದ. ಹೋದದ್ದು ಹತ್ತಕ್ಕೆ ಒಂದು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯ ಮೆಲ್ಲಗೆ ಕೇಳಿದ: “ಆದರೆ ಗುರುಗಳೇ, ಮೂರು ತಲೆಮಾರಿನ ಹೆಸರು ಹೋಯಿತಲ್ಲ?”

“ಹೋಯಿತು,” ಎಂದರು ಗುರುಗಳು, “ಮಕ್ಕಳು ಉಳಿದರು.”