ಬರದವರ ಪಾಲು

“ಹೆಣ್ಣುಮಗಳನ್ನು ವೈದ್ಯಕೀಯ ಓದಲು ಹೊರದೇಶಕ್ಕೆ ಕಳಿಸುವಾಗ ಯಾವುದನ್ನು ತೂಗಿ ನೋಡಬೇಕು, ಬುದ್ಧಿ?” ಎಂದು ಶಿಷ್ಯ ಕೇಳಿದ.

ಅಂದು ಮಠದಲ್ಲಿ ಹಬ್ಬದೂಟ. ಪಂಕ್ತಿ ಆಗತಾನೇ ಎದ್ದಿತ್ತು. ಶಿಷ್ಯ ಮಠದ ಶಾಲೆಯಲ್ಲಿ ಉಪಾಧ್ಯಾಯ. ಅಲ್ಲಿಯೇ ವಾಸ, ಅಲ್ಲಿಯೇ ಊಟ. ಆ ದಿನ ಪಕ್ಕದ ಜಾಗ ಖಾಲಿಯಿತ್ತು, ಅವನ ಎಲೆಗೆ ಪಾಯಸ ಎರಡು ಸಲ ಬಿದ್ದಿತ್ತು. ಕೈ ತೊಳೆದು, ಹೆಗಲ ಮೇಲಿನ ವಸ್ತ್ರದಿಂದ ಬಾಯೊರಸಿಕೊಂಡು, ಗುರುಗಳ ಮುಂದೆ ಬಂದು ಕುಳಿತಿದ್ದ. ಹೊಟ್ಟೆ ತುಂಬಿತ್ತು. ಚಿಂತೆ ಹೋಗಿರಲಿಲ್ಲ.

“ಯಾರ ಮಗಳು?” ಎಂದು ಗುರುಗಳು ಕೇಳಿದರು.

“ನನ್ನ ತಂಗಿಯ ಮಗಳು, ಇಂಚರ. ಇಲ್ಲಿ ಸೀಟು ಸಿಗಲಿಲ್ಲ. ಎರಡು ದೇಶಗಳಲ್ಲಿ ಸಿಕ್ಕಿದೆ. ಒಂದು ಕಾಲೇಜಿಗೆ ಎತ್ತರದ ಕಾಂಪೌಂಡು, ಗೇಟಿನಲ್ಲಿ ಕಾವಲು, ಮೂಲೆಮೂಲೆಗೆ ಕ್ಯಾಮೆರಾ. ನಮ್ಮಲ್ಲಿ ಏನೂ ಆಗುವುದಿಲ್ಲ ಎನ್ನುತ್ತಾರೆ. ಇನ್ನೊಂದು ಕಾಲೇಜಿನವರನ್ನು ಕೇಳಿದರೆ, ಹೋದ ವರ್ಷ ನಮ್ಮ ದೇಶದ ಹುಡುಗನೊಬ್ಬನಿಗೆ ಬೀದಿಯಲ್ಲಿ ಹೊಡೆದರು ಎಂದು ಅವರೇ ಹೇಳಿದರು. ತಂಗಿ ಅಳುತ್ತಾ ಕೂತಿದ್ದಾಳೆ. ಭಾವ ಎಲ್ಲವನ್ನೂ ನನ್ನ ಮೇಲೆ ಹಾಕಿದ್ದಾರೆ. ನೀನು ಓದಿದವನು, ನೀನೇ ತೀರ್ಮಾನ ಮಾಡು ಎನ್ನುತ್ತಾರೆ. ನಾಳೆ ಹೇಳಬೇಕು.”

“ನಿನ್ನ ಮನಸ್ಸು ಯಾವ ಕಡೆಗಿದೆ?”

“ಗೋಡೆಯ ಕಡೆಗೆ, ಬುದ್ಧಿ.”

“ಹುಡುಗಿಯದು?”

“ಅವಳನ್ನು ಕೇಳಿಲ್ಲ. ಚಿಕ್ಕವಳು. ಅವಳಿಗೇನು ಗೊತ್ತು?”

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೇಷ್ಮೆ ವರ್ತಕನಿದ್ದ. ಅವನ ಉಗ್ರಾಣದಿಂದ ಎಂದೂ ಒಂದು ಎಳೆ ಕಳುವಾಗಿರಲಿಲ್ಲ. ಗೋಡೆ ದಪ್ಪ, ಬಾಗಿಲು ಒಂದೇ, ಆ ಬಾಗಿಲಿಗೆ ಕಾವಲು. ಒಳಗೆ ಇಟ್ಟದ್ದು ಇಟ್ಟ ಹಾಗೆಯೇ ಇರುತ್ತಿತ್ತು. ಬೇರೆ ವರ್ತಕರು ಉಗ್ರಾಣ ಕಟ್ಟುವ ಮೊದಲು ಅವನನ್ನು ಕರೆದು ಜಾಗ ತೋರಿಸುತ್ತಿದ್ದರು. ಅವನು ಒಂದು ಸುತ್ತು ಹಾಕಿ, ಇದು ಭದ್ರ, ಇದು ಭದ್ರವಲ್ಲ ಎಂದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಅವನಿಗೆ ಒಬ್ಬಳೇ ಮಗಳು. ತಾಯಿಯಿಲ್ಲದ ಮಗು. ಚಿಕ್ಕಂದಿನಲ್ಲಿ ಬಿದ್ದು ಅವಳ ಮೊಣಕೈ ಮುರಿದಿತ್ತು. ಆ ಊರಿನಲ್ಲಿ ಮೂಳೆ ಕೂಡಿಸಬಲ್ಲವರು ಇರಲಿಲ್ಲ. ಕೈ ಸೊಟ್ಟಗೆ ಕೂಡಿಕೊಂಡಿತು. ಬೆಳೆದ ಮೇಲೆ ಅವಳು, “ಅಪ್ಪಾ, ನಾನು ವೈದ್ಯ ಕಲಿತು ಬರುತ್ತೇನೆ” ಎಂದಳು.

ವರ್ತಕ ಬೇಡವೆನ್ನಲಿಲ್ಲ. ಆದರೆ ವೈದ್ಯ ಕಲಿಸುವ ಗುರುಕುಲಗಳು ಇದ್ದದ್ದು ಗಡಿಯಾಚೆಯ ರಾಜ್ಯದಲ್ಲಿ. ಅಲ್ಲಿಯ ಭಾಷೆ ಬೇರೆ, ಜನ ಬೇರೆ. “ನಾನು ಕಣ್ಣಾರೆ ನೋಡಬೇಕು. ಭದ್ರವೆನಿಸಿದ ಕಡೆ ಬಿಡುತ್ತೇನೆ” ಎಂದು ಮಗಳನ್ನು ಕರೆದುಕೊಂಡು ಹೊರಟ.

ಮೊದಲು ಸಿಕ್ಕಿದ್ದು ಹೊಳೆಯ ದಡದ ಗುರುಕುಲ. ಅದಕ್ಕೆ ಗೋಡೆಯಿರಲಿಲ್ಲ. ಊರಿನ ಮನೆಗಳ ನಡುವೆಯೇ ಇತ್ತು. ಇವರು ತಲುಪಿದಾಗ ದೀಪ ಹಚ್ಚುವ ಹೊತ್ತು. ಅಂಗಳದಲ್ಲಿ ಎಲೆ ಹಾಕಿದ್ದರು. ಬಂದವರಿಗೂ ಎರಡು ಎಲೆ ಹಾಕಿ ಕೂರಿಸಿದರು. ಅನ್ನ ಬಡಿಸಿಯಾಗಿತ್ತು. ಆದರೆ ಯಾರೂ ಎಲೆಗೆ ಕೈ ಹಾಕಲಿಲ್ಲ.

ವರ್ತಕ ಪಕ್ಕದ ವಿದ್ಯಾರ್ಥಿಯನ್ನು, “ಏಕೆ ತಡ?” ಎಂದು ಕೇಳಿದ.

ವಿದ್ಯಾರ್ಥಿ ಎದುರು ಸಾಲಿನ ಖಾಲಿ ಜಾಗ ತೋರಿಸಿದ. “ಅವನು ಬಂದಿಲ್ಲ. ಒಂದು ಎಲೆ ಖಾಲಿಯಿದ್ದರೆ ನಮ್ಮಲ್ಲಿ ತುತ್ತು ಎತ್ತುವುದಿಲ್ಲ. ಹುಡುಕಲು ಹೋಗಿದ್ದಾರೆ.”

“ದಿನವೂ ಹೀಗೆಯೇ?”

“ದಿನವೂ ಇಲ್ಲ. ಆದರೆ ಆಗಾಗ ಆರಿದ ಅನ್ನವೇ ಗತಿ. ನಮಗೆ ರೂಢಿಯಾಗಿದೆ” ಎಂದು ವಿದ್ಯಾರ್ಥಿ ನಕ್ಕ.

ಸ್ವಲ್ಪ ಹೊತ್ತಿಗೆ ಹೋದವರು ಬಂದರು. ನಡುವೆ ಒಬ್ಬನನ್ನು ಹಿಡಿದು ನಡೆಸುತ್ತಿದ್ದರು. ಅವನ ಹಣೆ ಒಡೆದಿತ್ತು. ಅವನು ಪರರಾಜ್ಯದವನು. ಸಂತೆಯಲ್ಲಿ ಅವನ ಮಾತಿನ ಧಾಟಿ ಕೇಳಿ ಕೆಲವರು ಕೆಣಕಿದ್ದರು. ಎದುರು ಮಾತಾಡಿದ್ದಕ್ಕೆ ಹೊಡೆದಿದ್ದರು. ಗಾಯ ತೊಳೆದು, ಕಟ್ಟು ಕಟ್ಟಿ, ಅವನನ್ನು ಅವನ ಎಲೆಯ ಮುಂದೆ ಕೂರಿಸಿದ ಮೇಲೆ ಎಲ್ಲರೂ ಉಂಡರು.

ಊಟವಾದ ಮೇಲೆ ಅಲ್ಲಿಯ ಆಚಾರ್ಯ ವರ್ತಕನ ಬಳಿಗೆ ಬಂದ. “ನೀವೇ ನೋಡಿದಿರಿ. ಹೊರಗಿನವರನ್ನು ಕಂಡರೆ ಆಗದ ಜನ ಈ ಊರಿನಲ್ಲಿ ಇದ್ದಾರೆ. ಹೆಚ್ಚಿಲ್ಲ, ಆದರೆ ಇದ್ದಾರೆ. ಸಂತೆಗೆ ಒಬ್ಬರೇ ಹೋಗಬೇಡಿ ಎಂದು ಹೇಳಿರುತ್ತೇವೆ. ಇವನು ಇಂದು ಒಬ್ಬನೇ ಹೋದ. ಮಗಳನ್ನು ಬಿಡುವ ಮೊದಲು ಇದು ನಿಮಗೆ ತಿಳಿದಿರಲಿ” ಎಂದ.

ವರ್ತಕ ಬೆಳಗಾಗುತ್ತಲೇ ಗಂಟು ಕಟ್ಟಿದ.

ದಾರಿಯಲ್ಲಿ ಅವನ ಸಿಟ್ಟು ಇಳಿದಿರಲಿಲ್ಲ. “ಮಕ್ಕಳನ್ನು ಹುಡುಕಿಕೊಂಡು ತಿರುಗಬೇಕಾದ ಊರು ಎಂಥ ಊರು?” ಎಂದ.

“ಹುಡುಕಿದರಲ್ಲ, ಅಪ್ಪಾ” ಎಂದಳು ಮಗಳು.

“ಹಣೆ ಒಡೆದ ಮೇಲೆ ಹುಡುಕಿದರು.”

ಮಗಳು ತಿರುಗಿ ಹೊಳೆಯ ಕಡೆ ನೋಡಿದಳು.

ಎರಡನೆಯದು ಬೆಟ್ಟದ ಮೇಲಿನ ಗುರುಕುಲ. ಸುತ್ತ ಕೋಟೆಯಂಥ ಗೋಡೆ. ಒಂದೇ ಬಾಗಿಲು. ಬಾಗಿಲಿಗೆ ಇಬ್ಬರು ಕಾವಲಿನವರು. ಒಳಗೆ ಬಿಡುವ ಮೊದಲು ಅವರು ವರ್ತಕನ ಗಂಟನ್ನೂ ಬಿಚ್ಚಿ ನೋಡಿದರು. ವರ್ತಕನಿಗೆ ಅದು ಬಹಳ ಹಿಡಿಸಿತು. ಗೋಡೆಯ ಮೇಲೆ ಕೈಯಿಟ್ಟು ಅದರ ದಪ್ಪ ನೋಡಿದ. ಮೂಲೆಗಳನ್ನು ನೋಡಿದ. ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಕೋಣೆಗೆ ಒಳಗಿನಿಂದ ಗಟ್ಟಿ ಅಗುಳಿ.

ಅಲ್ಲಿಯ ಆಚಾರ್ಯ ಮಹಾ ಪಂಡಿತ. “ನಮ್ಮಲ್ಲಿ ಏನೂ ಆಗುವುದಿಲ್ಲ. ಹೊರಗಿನವರು ಒಳಗೆ ಬರಲಾರರು, ಒಳಗಿನವರು ಹೊರಗೆ ಹೋಗಲಾರರು” ಎಂದ. ಅದು ನಿಜವಾಗಿತ್ತು.

ಗಂಟೆ ಬಾರಿಸಿದ ಕೂಡಲೇ ಅಲ್ಲಿ ಊಟ. ಬಂದವರು ಕುಳಿತರು, ಬಡಿಸಿದರು, ಉಂಡರು. ಒಂದು ಎಲೆ ಖಾಲಿಯಿತ್ತು. ಬಡಿಸುವವನು ಆ ಎಲೆಯನ್ನು ಮಡಿಸಿ ಎತ್ತಿದ. ಅದರ ಪಾಲಿನ ಅನ್ನವನ್ನು ಎರಡು ಪಕ್ಕದವರಿಗೆ ಹಂಚಿದ. ಬರದವರ ಪಾಲು ಪಕ್ಕದವರಿಗೆ ಎಂಬುದು ಅಲ್ಲಿಯ ಪದ್ಧತಿ. ಅನ್ನ ಹಾಳಾಗಬಾರದು ಎಂಬ ಒಳ್ಳೆಯ ಉದ್ದೇಶದಿಂದಲೇ ಹಿರಿಯರು ಅದನ್ನು ಮಾಡಿದ್ದರು. ಯಾರೂ ಆ ಖಾಲಿ ಜಾಗದ ಕಡೆ ನೋಡಲಿಲ್ಲ. ಕಾಲು ಗಳಿಗೆಯಲ್ಲಿ ಪಂಕ್ತಿ ಎದ್ದಿತು.

“ನೋಡಿದೆಯಾ ಅಚ್ಚುಕಟ್ಟು!” ಎಂದ ವರ್ತಕ. “ನನ್ನ ಉಗ್ರಾಣದ ಹಾಗೇ ಇದೆ.”

“ರೇಷ್ಮೆಗೆ ಹಸಿವಾಗುವುದಿಲ್ಲ, ಅಪ್ಪಾ. ಜ್ವರವೂ ಬರುವುದಿಲ್ಲ.”

“ಇದು ವೈದ್ಯರ ಮನೆ, ಮಗಳೇ. ಜ್ವರದ ಮದ್ದಿಗೆ ಇಲ್ಲಿ ಬರವೇ?” ಎಂದು ವರ್ತಕ ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ: “ನಿನ್ನ ಮೈಮೇಲೆ ಒಂದು ಗೀರು ಬಿದ್ದರೂ ನಾನು ತಾಳಲಾರೆ. ಆ ಹುಡುಗನ ಹಣೆ ನನ್ನ ಕಣ್ಣು ಬಿಟ್ಟು ಹೋಗುತ್ತಿಲ್ಲ.”

ಮಗಳು ತನ್ನ ಸೊಟ್ಟ ಕೈಯನ್ನು ಮುಂದೆ ಚಾಚಿದಳು. “ಇದು ಮುರಿದದ್ದು ನಮ್ಮ ಮನೆಯ ಅಂಗಳದಲ್ಲಿ, ಅಪ್ಪಾ. ಗೋಡೆಯ ಒಳಗೇ. ನನಗೆ ಹೊಳೆಯ ದಡವೇ ಸಾಕು. ಅಲ್ಲಿ ನನಗೊಂದು ಎಲೆ ಹಾಕಿದ್ದರು.”

“ಎಲೆ ಇಲ್ಲಿಯೂ ಹಾಕುತ್ತಾರೆ” ಎಂದ ವರ್ತಕ. ಅವನಿಗೆ ಮಗಳ ಮೇಲೆ ಪ್ರಾಣ. ಆದ್ದರಿಂದಲೇ ಅವಳ ಮಾತು ಅವನ ಕಿವಿಗೆ ಹೋಗಲಿಲ್ಲ. ಅವಳನ್ನು ಬೆಟ್ಟದ ಮೇಲೆ ಬಿಟ್ಟು ಇಳಿದ.

ಕೆಲವು ಕಾಲ ಎಲ್ಲವೂ ಸರಿಯಾಗಿತ್ತು. ಮಗಳು ಚೆನ್ನಾಗಿ ಕಲಿತಳು. ಆಚಾರ್ಯ ಮೆಚ್ಚಿಕೊಂಡ. ಮುಂದಿನ ಸುಗ್ಗಿಯ ಹೊತ್ತಿಗೆ ವರ್ತಕ ಆ ಕಡೆಗೆ ವ್ಯಾಪಾರಕ್ಕೆ ಹೊರಟ. ಮಗಳಿಗೆಂದು ಸಜ್ಜೆಯ ಉಂಡೆ ಕಟ್ಟಿಸಿಕೊಂಡು ಬೆಟ್ಟ ಹತ್ತಿದ. ಕಾವಲಿನವರು ಈ ಸಲವೂ ಗಂಟು ಬಿಚ್ಚಿ ನೋಡಿದರು. ಉಂಡೆಗಳನ್ನೂ ಒಂದೊಂದಾಗಿ ನೋಡಿ ಬಿಟ್ಟರು.

“ಮಗಳೆಲ್ಲಿ?” ಎಂದು ಅವನು ಆಚಾರ್ಯನನ್ನು ಕೇಳಿದ.

“ಒಳಗೇ ಇರಬೇಕು. ನಮ್ಮಲ್ಲಿ ಯಾರೂ ಹೊರಗೆ ಹೋಗಲಾರರು” ಎಂದ ಆಚಾರ್ಯ.

ಅವಳ ಕೋಣೆಯ ಬಾಗಿಲು ತಟ್ಟಿದರು. ತೆರೆಯಲಿಲ್ಲ. ಅಗುಳಿ ಗಟ್ಟಿಯಾಗಿತ್ತು. ಬಾಗಿಲು ಒಡೆಯಲು ಬಹಳ ಹೊತ್ತು ಹಿಡಿಯಿತು.

ಮಗಳು ಒಳಗೇ ಇದ್ದಳು. ಆಚಾರ್ಯನ ಮಾತು ಸುಳ್ಳಾಗಿರಲಿಲ್ಲ. ನೀರಿನ ಮಡಕೆ ಬರಿದಾಗಿ ಹಾಸಿಗೆಯ ಪಕ್ಕದಲ್ಲಿ ಉರುಳಿತ್ತು. ಮೈ ತಣ್ಣಗಾಗಿ ಎಷ್ಟು ಹೊತ್ತಾಗಿತ್ತೋ ಯಾರಿಗೂ ತಿಳಿಯದು. ಅವಳ ಮೈಮೇಲೆ ಒಂದು ಗೀರೂ ಇರಲಿಲ್ಲ.

ಗೋಡೆಯಾಚೆಯ ಕೋಣೆಯಲ್ಲಿ ಒಬ್ಬ ವಿದ್ಯಾರ್ಥಿ ಜ್ವರದ ಲಕ್ಷಣಗಳನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದ. ಬಾಗಿಲು ಒಡೆದ ಸದ್ದಿಗೆ ಹೊರಗೆ ಬಂದ. ಪಂಕ್ತಿಯಲ್ಲಿ ಅವನ ಎಲೆ ಅವಳ ಎಲೆಯ ಪಕ್ಕದ್ದು.

ವರ್ತಕ ಅವನ ಕಡೆ ನೋಡಿದ. “ಅವಳು ಊಟಕ್ಕೆ ಬಾರದ್ದು ನಿನಗೆ ಕಾಣಲಿಲ್ಲವೇ?”

ವಿದ್ಯಾರ್ಥಿ ಒಳ್ಳೆಯವನು. ಅವನ ಕಣ್ಣು ತುಂಬಿತು. “ಕಾಣಲಿಲ್ಲ ಎನ್ನಲಾರೆ. ಅವಳ ಪಾಲು ನನ್ನ ಎಲೆಗೆ ಬೀಳುತ್ತಿತ್ತು. ಕೋಣೆಯಲ್ಲಿ ಓದುತ್ತಾ ಕೂತಿರಬೇಕು ಅಂದುಕೊಂಡೆ” ಎಂದ.

ವರ್ತಕ ಅವನನ್ನು ಬೈಯಲಿಲ್ಲ. ಗೋಡೆಯನ್ನೂ ಬೈಯಲಿಲ್ಲ. ಮಗಳ ಕ್ರಿಯೆ ಮುಗಿಸಿ ಬೆಟ್ಟ ಇಳಿದ. ಊರಿಗೆ ಹಿಂದಿರುಗುವ ದಾರಿ ಹೊಳೆಯ ದಡದ ಗುರುಕುಲದ ಮುಂದೆಯೇ ಹಾದುಹೋಗುತ್ತಿತ್ತು. ದೀಪ ಹಚ್ಚುವ ಹೊತ್ತು. ಅಂಗಳದಲ್ಲಿ ಎಲೆ ಹಾಕಿದ್ದರು. ಅವನು ತಲೆ ತಗ್ಗಿಸಿಕೊಂಡು ದಾಟುತ್ತಿದ್ದಾಗ ಅಲ್ಲಿಯ ಆಚಾರ್ಯ ಗುರುತು ಹಿಡಿದು ಕೂಗಿದ.

“ಯಜಮಾನರೇ, ಅಂದು ನಮ್ಮ ಪಂಕ್ತಿಯಲ್ಲಿ ಕುಳಿತಿದ್ದ ನಿಮ್ಮ ಮಗಳೆಲ್ಲಿ?”

ಒಂದು ಹೊತ್ತು ಉಂಡು ಹೋದವಳನ್ನು ಅವರು ಕೇಳುತ್ತಿದ್ದರು. ವರ್ತಕ ಬೀದಿಯಲ್ಲಿಯೇ ಕುಸಿದು ಕುಳಿತ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ನಿಟ್ಟುಸಿರು ಬಿಟ್ಟ. “ಹಾಗಾದರೆ ಹುಡುಗನಿಗೆ ಹೊಡೆದ ಊರಿಗೇ ಕಳಿಸಬೇಕೆ, ಬುದ್ಧಿ?”

“ನಾನು ಹಾಗೆ ಹೇಳಲಿಲ್ಲ. ಹೊಡೆಯುವವರು ಇರುವ ಊರಿಗೆ ಹೆದರಬೇಕು. ಗೋಡೆಯೂ ಬೇಕು, ಕಾವಲೂ ಬೇಕು. ಅವನ್ನು ಕೇಳಿದ ಮೇಲೆ ಇನ್ನೊಂದನ್ನು ಕೇಳು. ಎರಡು ಕಡೆಯೂ ಓದುತ್ತಿರುವ ನಮ್ಮ ಮಕ್ಕಳು ಇದ್ದಾರಲ್ಲ, ಅವರನ್ನೇ ಕೇಳು. ನೀವು ಒಂದು ಹೊತ್ತು ಕಾಣದಿದ್ದರೆ ನಿಮ್ಮ ಬಾಗಿಲು ತಟ್ಟುವವರು ಯಾರು ಎಂದು. ಹೆಸರು ಹೇಳಿದರೆ ಅದನ್ನು ತಕ್ಕಡಿಗೆ ಹಾಕು. ಆಮೇಲೆ ಹುಡುಗಿಯನ್ನು ಕೇಳು.”

ಶಿಷ್ಯನ ಮುಖ ಹಗುರಾಯಿತು. “ಇಷ್ಟೇ ಅಲ್ಲವೇ? ಇವತ್ತು ಸಂಜೆಯೇ ಫೋನು ಮಾಡಿ ಕೇಳುತ್ತೇನೆ.” ಎದ್ದು ನಿಂತು, ಹೆಗಲ ವಸ್ತ್ರ ಸರಿಮಾಡಿಕೊಂಡ. “ಪರದೇಶದ ಜನವೇ ಹಾಗೆ, ಬುದ್ಧಿ. ಪಕ್ಕದವನು ಸತ್ತರೂ ತಿಳಿಯುವುದಿಲ್ಲ. ನಮ್ಮ ಕಡೆ ಇಂಥದ್ದು ಎಲ್ಲಾದರೂ ಉಂಟೇ?”

ಗುರುಗಳು ಅವನ ಮುಖ ನೋಡಿದರು.

“ಇಂದು ಎರಡನೆಯ ಸಲ ನಿನ್ನ ಎಲೆಗೆ ಬಿದ್ದ ಪಾಯಸ ಯಾರ ಪಾಲಿನದು?”