ಮುಳುಗಿದ ದಾರಿಯ ಟಿಕೀಟು

"ಗುರುಗಳೇ, ಬೇರೆಯವರು ಮಾಡಿದ ಆಟಕ್ಕೆ ನಾನು ಒಂದಿಷ್ಟು ಸೇರಿಸಿದ್ದೇನೆ. ಅದನ್ನು ಮಾರಬೇಕೆಂದಿದ್ದೇನೆ. ನ್ಯಾಯವಾದ ಬೆಲೆ ಯಾವುದು?" ಎಂದು ರೇವಣಸಿದ್ಧ ಕೇಳಿದ.

ಅವನು ಮಠಕ್ಕೆ ಬಂದು ಎರಡು ವರ್ಷವಾಗಿತ್ತು, ಕಂಪ್ಯೂಟರ್ ಗೇಮಿನ ಹುಚ್ಚು ಮಾತ್ರ ಬಿಟ್ಟಿರಲಿಲ್ಲ. ರಸ್ತೆ ಅಗಲ ಮಾಡುವಾಗ ಕೆಡವಿದ ಒಂದು ಹಳೆಯ ಪೇಟೆಯನ್ನು, ಅಲ್ಲಿ ಅಂಗಡಿ ಇಟ್ಟಿದ್ದವರನ್ನು ಕೇಳಿ ಕೇಳಿ, ಒಂದು ಕಂಪನಿಯ ಗೇಮಿನೊಳಗೆ ಮತ್ತೆ ಕಟ್ಟಿದ್ದ. ಆರು ತಿಂಗಳ ದುಡಿಮೆ, ಕರೆಂಟು, ಯಂತ್ರದ ಸವೆತ ಎಲ್ಲವನ್ನೂ ಕೂಡಿ ಒಂದು ಬೆಲೆ ಹಾಕಿದ್ದ. ಅದು ಹೆಚ್ಚಾಯಿತೇ ಎಂಬುದಷ್ಟೇ ಅವನ ಅಳುಕು.

ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದೀಯಾ ಎಂದು ಗುರುಗಳು ಕೇಳಿದರು. ಏನೂ ಬಿಟ್ಟಿಲ್ಲ ಎಂದ. ಹಾಗಾದರೆ ಕೂತು ಕೇಳು ಎಂದು ಗುರುಗಳು ಹೇಳತೊಡಗಿದರು.

ಒಂದು ನದಿಗೆ ಅಣೆಕಟ್ಟು ಕಟ್ಟಿದರು. ಏಳು ಊರು ಮುಳುಗಿದವು. ಏಳನ್ನೂ ಕೂಡಿಸುತ್ತಿದ್ದ ರಸ್ತೆಯೂ ಮುಳುಗಿತು. ಆ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ ಒಬ್ಬ ಡ್ರೈವರ್ ಇದ್ದ. ನಿವೃತ್ತನಾದ ಮೇಲೆ ಅವನಿಗೆ ಲಕ್ವಾ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು. ಉಳಿದದ್ದು ಎಡಗೈ ಮತ್ತು ಮಾತು.

ಬಸ್ಸು ಓಡಿಸುವ ಒಂದು ಗೇಮ್ ಇತ್ತು. ಕಂಪನಿ ಕೊಟ್ಟ ರಸ್ತೆ ಸಾಲದೆಂದು ಆಡುವವರೇ ತಮ್ಮ ತಮ್ಮ ಊರಿನ ರಸ್ತೆ ಮಾಡಿ ಅದಕ್ಕೆ ಸೇರಿಸುತ್ತಿದ್ದರು. ಅಂಥದಕ್ಕೆ ಮ್ಯಾಪ್ ಎನ್ನುತ್ತಾರೆ. ಮ್ಯಾಪ್ ಮಾಡುವವನೊಬ್ಬನಿಗೆ ಆ ಮುಳುಗಿದ ರಸ್ತೆಯನ್ನು ಮಾಡುವ ಆಸೆ ಹುಟ್ಟಿತು. ನೀರಿನೊಳಗೆ ಇಳಿದು ನೋಡಲಾಗುತ್ತದೆಯೇ? ಡ್ರೈವರನ ಮನೆ ಹುಡುಕಿಕೊಂಡು ಹೋದ.

ಡ್ರೈವರ್ ಎಂಟು ದಿನ ಹೇಳಿದ, ಇವನು ಬರೆದುಕೊಂಡ. ಹುಣಸೆಮರ ದಾಟಿದ ಮೇಲೆ ಎಡ ತಿರುವು. ಶಾಲೆಯ ಮುಂದೆ ಎರಡು ಸಲ ಹಾರ್ನ್. ಮೂರನೆಯ ಊರಿನ ಬಾವಿಯ ಹತ್ತಿರ ಗೇರ್ ಇಳಿಸಬೇಕು, ಅಲ್ಲಿ ಎಮ್ಮೆಗಳು ಅಡ್ಡ ಬರುತ್ತವೆ. ಡ್ರೈವರನ ಹೆಂಡತಿ ಎಂಟೂ ದಿನ ರೊಟ್ಟಿ ಬಡಿದು ಹಾಕಿದಳು. ಐದು ಊರು ಮುಗಿದವು. ಇನ್ನೆರಡಕ್ಕೆ ಮತ್ತೆ ಬರುತ್ತೇನೆಂದು ಇವನು ಹೊರಟ. ಹೇಳಿದ್ದಕ್ಕೆ ಏನು ಕೊಡುತ್ತೀ ಎಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ.

ಮ್ಯಾಪ್ ಬಂತು. ಅದನ್ನು ಎಲ್ಲರಿಗೂ ಪುಕ್ಕಟೆ ಕೊಟ್ಟ. ಊರು ಕಳೆದುಕೊಂಡವರು ತಮ್ಮ ಮನೆಯ ಮುಂದೆ ಬಸ್ಸು ನಿಲ್ಲಿಸಿಕೊಂಡು ಅತ್ತರು. ಡ್ರೈವರ್ ದಿನಾ ಬೆಳಿಗ್ಗೆ ಆರಕ್ಕೆ ಮೊಬೈಲ್ ಹಿಡಿದು ಎಡಗೈಯಲ್ಲೇ ಮೊದಲ ಟ್ರಿಪ್ ಬಿಡುತ್ತಿದ್ದ. ಅವನಿಗೆ ಬದುಕಲು ಒಂದು ನೆಪ ಸಿಕ್ಕಿತ್ತು.

ಮರುವರ್ಷ ಕಂಪನಿ ಗೇಮನ್ನು ಬದಲಿಸಿತು. ಹಳೆಯ ಮ್ಯಾಪ್ ತೆರೆಯದಾಯಿತು. ಮ್ಯಾಪಿನವನು ನಾಲ್ಕು ತಿಂಗಳು ನಿದ್ದೆಗೆಟ್ಟು ಕಣ್ಣು ಕೆಂಪಗೆ ಮಾಡಿಕೊಂಡು ಹೊಸದಾಗಿ ಮಾಡಿದ. ಈ ಸಲ ಮುನ್ನೂರು ರೂಪಾಯಿ ಬೆಲೆ ಇಟ್ಟ. ಉಳಿದ ಎರಡು ಊರನ್ನೂ ಸೇರಿಸಿಕೊಡುತ್ತೇನೆಂದು ಮಾತು ಕೊಟ್ಟ. ಬೆಲೆ ದುಬಾರಿಯಲ್ಲ, ಅವನು ದುರಾಸೆಯವನೂ ಅಲ್ಲ. ಜನ ಸಂತೋಷದಿಂದಲೇ ಕೊಂಡರು.

ಒಂದು ದಿನ ಡ್ರೈವರನ ಹೆಂಡತಿಯ ಫೋನ್ ಬಂತು.

"ತಮ್ಮಾ, ಇವರೂ ರೊಕ್ಕಾ ಕೊಡಬೇಕೇನು?"

"ಎಲ್ಲಾರಿಗೂ ಒಂದ ರೇಟ್, ಅವ್ವಾ. ನಿಮಗ ಬಿಟ್ರ, ಕೊಟ್ಟವರಿಗೆ ಮೋಸ ಮಾಡಿದಂಗ ಆಗ್ತದ."

ಹೇಳಿ ಫೋನ್ ಇಟ್ಟಮೇಲೆ ಅವನಿಗೆ ಹೆಮ್ಮೆಯೇ ಆಯಿತು. ಮುಖ ನೋಡಿ ಮಣೆ ಹಾಕಲಿಲ್ಲವಲ್ಲ ಎಂದುಕೊಂಡ. ಅತ್ತ ಆ ಹೆಂಗಸು ಮುನ್ನೂರು ರೂಪಾಯಿ ತೆಗೆದು ಗಂಡನ ಮುಂದೆ ಹಿಡಿದಳು. ಆ ಮನೆಯಲ್ಲಿ ಅಷ್ಟು ಹಣಕ್ಕೆ ಬರ ಇರಲಿಲ್ಲ. ಡ್ರೈವರ್ ಮುಟ್ಟಲಿಲ್ಲ.

"ನನ್ನ ದಾರಿಗೆ ನಾನ ಟಿಕೀಟ ತಗೀಲೇನು?" ಎಂದು ಗೋಡೆಯ ಕಡೆ ಹೊರಳಿ ಮಲಗಿದ. ಮರುದಿನದಿಂದ ಆರು ಗಂಟೆಗೆ ಏಳುವುದನ್ನೇ ಬಿಟ್ಟ.

ಇತ್ತ ಕೊಂಡವರು ಉಳಿದೆರಡು ಊರೆಲ್ಲಿ ಎಂದು ಬೆನ್ನು ಹತ್ತಿದರು. ಮ್ಯಾಪಿನವನು ಒಂದು ಕಿಲೋ ಪೇಡೆ ಕಟ್ಟಿಸಿಕೊಂಡು ಡ್ರೈವರನ ಮನೆಗೆ ಹೋದ. ಅಷ್ಟರಲ್ಲಿ ಲಕ್ವಾ ಎರಡನೆಯ ಸಲ ಹೊಡೆದು ಮಾತು ನಿಂತಿತ್ತು. ಇವನು ಹಾಸಿಗೆಯ ಪಕ್ಕ ಕೂತು ಆರನೆಯ ಊರಿನ ಹೆಸರು ಹೇಳಿದ. ಡ್ರೈವರನ ಎಡಗೈ ಮೇಲೆದ್ದಿತು. ಗಾಳಿಯಲ್ಲಿ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಎಲ್ಲೋ ನಿಂತಿತು, ಮತ್ತೆ ಹೊರಟಿತು. ಎಲ್ಲಿ ನಿಂತಿತು, ಅಲ್ಲಿ ಮರವಿತ್ತೋ ಬಾವಿಯಿತ್ತೋ, ಯಾರು ಹತ್ತಿದರು, ಕೈ ಅದನ್ನು ಹೇಳಲಾರದು. ಮೂರು ದಿನ ಕೂತರೂ ಇವನ ಹಾಳೆಯ ಮೇಲೆ ಎಡ, ಬಲ ಎಂಬ ಎರಡೇ ಮಾತು ತುಂಬಿದವು.

ಹೊರಡುವ ಮುನ್ನ ಹೊಸ ಮ್ಯಾಪನ್ನು ತಾನೇ ಡ್ರೈವರನ ಮೊಬೈಲಿಗೆ ಹಾಕಿ, ತೆರೆದು, ಕೈಗಿತ್ತ. ಹುಣಸೆಮರ ಕಂಡಿತು. ಡ್ರೈವರ್ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮೊಬೈಲನ್ನು ಬೋರಲು ಹಾಕಿದ. ಆ ತಿಂಗಳಲ್ಲೇ ತೀರಿಕೊಂಡ.

ಮಾತು ಕೊಟ್ಟಾಗಿತ್ತಲ್ಲ, ಮ್ಯಾಪಿನವನು ಉಳಿದೆರಡು ಊರನ್ನು ತನಗೆ ತೋಚಿದಂತೆ ಮಾಡಿದ. ಅಲ್ಲಿನ ಮರ ಇಲ್ಲಿಗೆ, ಇಲ್ಲಿನ ಬಾವಿ ಅಲ್ಲಿಗೆ. ಆ ಊರುಗಳವರು ಬಸ್ಸು ಹತ್ತಿ ಕೊನೆಯ ತನಕ ಹೋದರು. ಇದು ನಮ್ಮ ಊರಲ್ಲ ಎಂದು ಒಬ್ಬೊಬ್ಬರಾಗಿ ಇಳಿದುಹೋದರು. ಐದು ಊರು ಮುಳುಗಿದ್ದು ಒಂದೇ ಸಲ. ಆ ಎರಡು ಊರು ಮಾತ್ರ ಎರಡು ಸಲ ಮುಳುಗಿದವು, ಎರಡನೆಯ ಸಲಕ್ಕೆ ಅಣೆಕಟ್ಟು ಬೇಕಾಗಲಿಲ್ಲ.

ಗುರುಗಳು ನಿಲ್ಲಿಸಿದರು. ರೇವಣಸಿದ್ಧನಿಗೆ ಕಸಿವಿಸಿಯಾಯಿತು. ನಾಲ್ಕು ತಿಂಗಳು ದುಡಿದವನು ಕೂಲಿ ಕೇಳಿದ್ದು ತಪ್ಪೇ ಎಂದು ಅವನ ಮನಸ್ಸು ವಾದಿಸುತ್ತಿತ್ತು.

"ಹಾಗಾದರೆ ಅವನು ಡ್ರೈವರನಿಗೆ ಪುಕ್ಕಟೆ ಕೊಡಬೇಕಾಗಿತ್ತೇ, ಗುರುಗಳೇ?" ಎಂದು ಕೇಳಿದ.

"ಮೊದಲು ಪುಕ್ಕಟೆ ತೆಗೆದುಕೊಂಡವನು ಯಾರು, ರೇವಣ?" ಎಂದರು ಗುರುಗಳು.

ಹಳೆಯ ಪೇಟೆಯ ಅಂಗಡಿಯವರು ಒಬ್ಬೊಬ್ಬರಾಗಿ ನೆನಪಿಗೆ ಬರತೊಡಗಿದರು. ರೇವಣಸಿದ್ಧನ ಲೆಕ್ಕದಲ್ಲಿ ಅವರು ಯಾರೂ ಇರಲಿಲ್ಲ.