ದೀರ್ಘರೋಮನ ಭದ್ರ ಉಗ್ರಾಣ

ಹಿಮಾಲಯದ ಭೂರ್ಜವನದಲ್ಲಿ ದೀರ್ಘರೋಮನೆಂಬ ಕರಡಿಯಿದ್ದನು. ಚಳಿಗಾಲದ ದೀರ್ಘನಿದ್ರೆಗೆ ಮುನ್ನ ಕಂಠಪೂರ್ತಿ ತಿನ್ನುವುದು, ಆಮೇಲೆ ಹೊಟ್ಟೆನೋವಿನಿಂದ ನಿದ್ದೆಗೆಡುವುದು ಅವನ ವಾರ್ಷಿಕ ಪದ್ಧತಿ. ಅದಕ್ಕೆ ಅವನು ಬಲ್ಲ ಮದ್ದು ಭೂರ್ಜಮರದ ಅಣಬೆಯೊಂದೇ. ಆ ವರ್ಷ ಕಳ್ಳರ ಭಯದಿಂದ, ಇಬ್ಬನಿ ಆರುವ ಮೊದಲೇ ಅಣಬೆಗಳನ್ನೆಲ್ಲ ಕಿತ್ತು ಪೊಟರೆಗೆ ತುರುಕಿ, ಅದರ ಬಾಯಿಗೆ ಜೇಡಿಮಣ್ಣು ಮೆತ್ತತೊಡಗಿದನು.

ತನ್ನ ಪಾಲಿನ ಅಣಬೆಗಳನ್ನು ಕೊಂಬೆಗಳಿಗೆ ಸಿಕ್ಕಿಸಿ ಒಣಗಿಸುತ್ತಿದ್ದ ಅಳಿಲು, "ಮಾವ, ಹಸಿಯದನ್ನು ಮುಚ್ಚಿಡಬೇಡ. ನಾಲ್ಕು ದಿನ ಗಾಳಿಗೆ ಹರವು" ಎಂದಿತು.

"ಹರವಿದರೆ ನಿನ್ನಂಥವರ ಕಣ್ಣು ಬೀಳುತ್ತದೆ, ಜಾಣೆ! ನನ್ನ ಉಗ್ರಾಣಕ್ಕೆ ಗಾಳಿಯೂ ನುಸುಳಲಾರದು" ಎಂದು ದೀರ್ಘರೋಮನು ಇನ್ನೊಂದು ಹಿಡಿ ಮಣ್ಣು ಮೆತ್ತಿದನು.

ಮೊದಲ ಹಿಮ ಬಿದ್ದಿತು. ಹೊಟ್ಟೆನೋವೂ ತಪ್ಪದೆ ಬಂದಿತು. ಅವನು ನರಳುತ್ತ ಹೋಗಿ ಮಣ್ಣು ಒಡೆದು ನೋಡಿದರೆ, ಅಣಬೆಗಳೆಲ್ಲ ಕೊಳೆತು, ಪೊಟರೆಯ ತುಂಬ ಹಸಿರು ಬೂಷ್ಟು ಬೆಳೆದಿತ್ತು.

"ಯಾರೋ ನೀನು, ಕಳ್ಳ?" ಎಂದು ಗರ್ಜಿಸಿದನು.

"ಕಳ್ಳನಲ್ಲ ಸ್ವಾಮಿ, ತಾವೇ ಒಳಗಿಟ್ಟು ಸಾಕಿದ ಅತಿಥಿ" ಎಂದಿತು ಬೂಷ್ಟು, ಬಹು ವಿನಯದಿಂದ. "ಇಷ್ಟು ಸುಖವಾದ ಮನೆ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ದಯವಿಟ್ಟು ಬಾಗಿಲು ಹಾಕಿಕೊಂಡು ಹೋಗಿ. ಗಾಳಿ ನನ್ನ ಮೈಗೆ ಆಗುವುದಿಲ್ಲ."